ಹಾದುಹೋಗುತ್ತಿದ್ದೆವು

ವಲೆನ್ಸಿಯಾದ ಲ್ಯೋಪಿಸ್ ನಮ್ಮೂರಲ್ಲಿ ಕೊಂಡ ಮನೆಯ ಅಂಗಳಕ್ಕೆ ಕಬ್ಬಿಣದ ಗೇಟು ಹಾಕಿಸಿದ್ದು ಮಾರ್ಚ್ ತಿಂಗಳಲ್ಲಿ. ಅವತ್ತು ಆಡುಗಳನ್ನು ನೀರಿಗೆ ಹೊಡೆದುಕೊಂಡು ಹೋದ ನನ್ನ ನಾದಿನಿ ಫೆರ್ಮಿನಾ ಹಾಗೆಯೇ ವಾಪಸು ಬಂದು, ನಮ್ಮ ಅಡುಗೆಮನೆಯ ಬೆಂಚಿನ ಮೇಲೆ ಕೂತಳು. ನಾನು ಕಡಲೆ ನೆನೆಹಾಕುತ್ತಿದ್ದೆ.

"ಗೇಟು ಹಾಕಿದಾನೆ ಅತ್ತಿಗೆ," ಅಂದಳು. "ಬೀಗ ಬೇರೆ."

"ಯಾರು?"

"ಇನ್ಯಾರು? ವಲೆನ್ಸಿಯಾದವನು. ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮನೆಮನೆಗೂ ಕಿತ್ತಳೆಹಣ್ಣು ಹಂಚಿದ್ನಲ್ಲ, ಅವನೇ."

ಫೆರ್ಮಿನಾಳ ಆಡಿನ ದೊಡ್ಡಿ ಊರಿನ ಮೇಲ್ಗಡೆ, ಚರ್ಚಿನ ಹಿಂದೆ. ಒರತೆ, ಅದರ ಕಲ್ಲುತೊಟ್ಟಿ ಕೆಳಗಡೆ. ನಡುವೆ ಈ ಅಂಗಳ, ಲ್ಯೋಪಿಸ್‌ಗಿಂತ ಮುಂಚೆ ದೋನ್ಯಾ ಲೆಯೊಕಾದಿಯಾ ಎಂಬ ಹಿರಿಯಮ್ಮನದು. ನನಗೆ ತಿಳಿವಳಿಕೆ ಬಂದಾಗಿನಿಂದ ಆಡು, ಕತ್ತೆ, ಬಟ್ಟೆಬುಟ್ಟಿ ಹೊತ್ತ ಹೆಂಗಸರು ಎಲ್ಲರೂ ಆ ಅಂಗಳದಲ್ಲೇ ಇಳಿದು ನೀರಿಗೆ ಹೋಗುತ್ತಿದ್ದದ್ದು. ಇನ್ನೊಂದು ದಾರಿ ಇಲ್ಲದೆ ಇಲ್ಲ. ಅದು ಡಾಂಬರು ರಸ್ತೆ. ಸ್ಮಶಾನವನ್ನು ಸುತ್ತಿ, ಜೇಡಿಮಣ್ಣಿನ ಗಣಿಯ ಲಾರಿಗಳು ತಿರುಗುವ ಮೂಲೆ ದಾಟಿ, ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಫೆರ್ಮಿನಾಳ ಎಡಮಂಡಿ ಆ ಇಳಿಜಾರಿಗೆ ಒಗ್ಗುವಂಥದ್ದಲ್ಲ. ಇನ್ನು ನಲ್ಲಿ ನೀರು, ಬೇಸಿಗೆಯಲ್ಲಿ ಬೆಳಿಗ್ಗೆ ಒಂದಿಷ್ಟು ಬಂದರೆ ಪುಣ್ಯ. ಆ ನೀರಲ್ಲಿ ಮನುಷ್ಯರ ಬಾಯಿ ಒದ್ದೆಯಾಗಬಹುದು, ಒಂದು ಮಂದೆಯದ್ದಲ್ಲ. ಅಂಗಳದ ದಾರಿ ಇದ್ದರೆ ಆಡು ಉಂಟು, ಇಲ್ಲದಿದ್ದರೆ ಮಾರಬೇಕು. ಗಂಡ ಸತ್ತ ಮೇಲೆ ಅವಳು ಬದುಕಿದ್ದೇ ಆ ಆಡುಗಳ ಹಾಲು, ಚೀಸಿನಿಂದ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಏಳುವುದಕ್ಕೆ ಅವಳಿಗೆ ಬೇರೆ ಕಾರಣವೂ ಇರಲಿಲ್ಲ.

ದೋನ್ಯಾ ಲೆಯೊಕಾದಿಯಾ ತೀರಿಕೊಂಡು ಕೆಲವು ವರ್ಷವಾಗಿತ್ತು. ಜರಗೋಸಾದಲ್ಲಿದ್ದ ಅವರ ಅಣ್ಣನ ಮಕ್ಕಳು ಮನೆಯನ್ನು ಹಾಗೇ ಬಿಟ್ಟಿದ್ದು, ಕೊನೆಗೆ ಲ್ಯೋಪಿಸ್‌ಗೆ ಮಾರಿದರು. ಲ್ಯೋಪಿಸ್ ಕೆಟ್ಟ ಮನುಷ್ಯನಲ್ಲ. ಫೆರ್ಮಿನಾ ಕೇಳಲು ಹೋದಾಗ ಕುರ್ಚಿ ಹಾಕಿ ಕೂರಿಸಿದ, ಕಾಫಿ ಕೊಟ್ಟ.

"ನೀವು ಯಾವಾಗ ಬೇಕಾದ್ರೂ ಬನ್ನಿ ಅಮ್ಮ, ನಾನು ಬೇಡ ಅಂತೀನಾ? ಆಡು ಮಾತ್ರ ಬೇಡ. ನನ್ನ ಹೆಂಡ್ತಿ ಅಂಗಳಕ್ಕೆ ಟೈಲ್ಸ್ ಹಾಕಿಸಿದಾಳೆ."

"ಆಡು ಬಿಟ್ಟು ನಾನೊಬ್ಳೇ ಹೋಗಿ ತೊಟ್ಟಿಗೆ ಬಾಯಿ ಹಾಕ್ಲಾ?" ಅಂದಳಂತೆ ಇವಳು.

ಅಲ್ಲಿಗೆ ಮಾತು ಮುರಿಯಿತು, ಇವಳು ಕೋರ್ಟಿಗೆ ಹೋದಳು. ಬಡವರಿಗೆಂದು ಕೋರ್ಟಿನಿಂದಲೇ ಕೊಡುವ ಲಾಯರು ಇರುತ್ತಾರಲ್ಲ, ಹಾಗೆ ಎಲ್ವಿರಾ ಎಂಬ ಹುಡುಗಿ ಸಿಕ್ಕಳು. ಹುಡುಗಿ ಅಂದರೆ ಮೂವತ್ತು ದಾಟಿರಬೇಕು. ಕಣ್ಣಿನ ಕೆಳಗೆ ಕಪ್ಪು, ಯಾವಾಗಲೂ ಯಾವುದೋ ಬಸ್ಸು ತಪ್ಪಿಸಿಕೊಂಡವರ ಮುಖ. ಊರವರು ತಲೆತಲಾಂತರದಿಂದ ಅಲ್ಲಿ ಓಡಾಡುತ್ತಿದ್ದರು ಎಂದು ಸಾಬೀತಾದರೆ ಗೇಟು ತೆಗೆಸಬಹುದು, ಅದಕ್ಕೆ ಹಳಬರ ಸಾಕ್ಷಿ ಬೇಕು ಎಂದಳು. ಹಳಬರಿಗೇನು ಬರ, ನಮ್ಮೂರಲ್ಲಿ ಇರುವವರೇ ಹಳಬರು.

ಆಗ ನಾನು ಪಂಚಾಯ್ತಿ ಕಚೇರಿಯ ಮಹಡಿ ಮೇಲೆ ನಡೆಯುತ್ತಿದ್ದ ದೊಡ್ಡವರ ಶಾಲೆಗೆ ಹೋಗುತ್ತಿದ್ದೆ. ಎರಡನೇ ವರ್ಷ. ಪೇಟೆಯಿಂದ ಎದುರ್ನೆ ಎಂಬ ಟೀಚರು ಸಣ್ಣ ಕಾರಿನಲ್ಲಿ ಸಂಜೆ ಬರುತ್ತಿದ್ದಳು. ಒಲೆಗೆ ಎರಡು ಕೊರಡು ಹಾಕಿ, ಕನ್ನಡಕ ಒರೆಸಿಕೊಂಡು, ನಮ್ಮನ್ನು ಮಕ್ಕಳಂತೆ ಅಲ್ಲ, ದೊಡ್ಡವರಂತೆಯೇ ಕೂರಿಸಿ ಕಲಿಸುತ್ತಿದ್ದಳು. ಅಕ್ಷರ ಮುಗಿದು ಕ್ರಿಯಾಪದಕ್ಕೆ ಬಂದಿದ್ದೆವು.

"ಒಂದ್ಸಲ ಮಾಡಿ ಮುಗಿಸಿದ್ದು ಬೇರೆ," ಅಂದಳು ಒಂದು ಸಂಜೆ. "ಮಾಡ್ತಾ ಇದ್ದದ್ದು ಬೇರೆ. ಯಾವಾಗ ಶುರು, ಯಾವಾಗ ಮುಗೀತು ಅಂತ ಯಾರೂ ಕೇಳಲ್ಲ. ಇದ್ದೇ ಇತ್ತು, ನಡೀತಾನೇ ಇತ್ತು. ಇವತ್ತು ಆ ಭೂತಕಾಲ."

ಬೋರ್ಡಿನ ಮೇಲೆ ಬರೆದಳು. ನಮ್ಮ ಭಾಷೆಯಲ್ಲಿ ಪಾಸಾರ್ ಅಂದರೆ ಹಾದುಹೋಗುವುದು. ಬಾಲ ಕತ್ತರಿಸಿ ಆಬಾ ಅಂಟಿಸಿದರೆ ಪಾಸಾಬಾ, ಹಾದುಹೋಗುತ್ತಿದ್ದೆ. ಬೆಬೆರ್ ಅಂದರೆ ಕುಡಿಯುವುದು, ಸುಬಿರ್ ಅಂದರೆ ಹತ್ತುವುದು, ಅವಕ್ಕೆ ಈಯಾ. ಬೆಬೀಯಾ, ಸುಬೀಯಾ. ನಾನು ಹಾದುಹೋಗುತ್ತಿದ್ದೆ ಅನ್ನುವುದಕ್ಕೂ ಪಾಸಾಬಾ, ಅವಳು ಹಾದುಹೋಗುತ್ತಿದ್ದಳು ಅನ್ನುವುದಕ್ಕೂ ಪಾಸಾಬಾ. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತೇ. ಆದರೆ ಬಾಯಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಬಿಡಿಸಿಟ್ಟು ನೋಡಿದಾಗ, ದಿನಾ ಉಡುವ ಬಟ್ಟೆಯ ಒಳಹೊಲಿಗೆ ಕಂಡ ಹಾಗಾಯಿತು.

"ಮೂರೇ ಮೂರು ಕ್ರಿಯಾಪದ ಹಟಮಾರಿ," ಅಂದಳು ಟೀಚರು. "ಉಳಿದವೆಲ್ಲ ಹೇಳಿದ ಹಾಗೆ ಕೇಳ್ತವೆ."

"ಮೂರೇನಾ?" ಅಂದ ಮಕಾರಿಯೊ. "ನನ್ನ ಹೆಂಡ್ತಿ ಕಡೆಯೋರಲ್ಲಿ ಅಷ್ಟು ಕಮ್ಮಿ ಇರ್ಲಿಲ್ಲ ಟೀಚರಮ್ಮ."

ಮಕಾರಿಯೊ ನಮ್ಮ ಪಕ್ಕದ ಮನೆಯವನು, ಹಿಂದೆ ಕತ್ತೆ ಗಾಡಿ ಹೊಡೆಯುತ್ತಿದ್ದವನು. ಶಾಲೆಗೆ ಬರುತ್ತಿದ್ದದ್ದು ಒಲೆಯ ಕಾವಿಗೆ.

ಎಲ್ಲರೂ ಒಂದೊಂದು ವಾಕ್ಯ ಹೇಳಬೇಕಿತ್ತು. ಒಬ್ಬಳು ಒಗೆಯುತ್ತಿದ್ದೆ ಅಂದಳು. ಇನ್ನೊಬ್ಬಳು ಹೊರುತ್ತಿದ್ದೆ ಅಂದಳು. ಉಜ್ಜುತ್ತಿದ್ದೆ, ಅಗೆಯುತ್ತಿದ್ದೆ, ಕಾಯುತ್ತಿದ್ದೆ, ಬಡಿಸುತ್ತಿದ್ದೆ, ಉಳಿದರೆ ತಿನ್ನುತ್ತಿದ್ದೆ. ಬೋರ್ಡು ತುಂಬಿತು. ಓದುತ್ತಾ ಹೋದರೆ ನನಗೆ ಸೊಂಟ ನೋಯತೊಡಗಿತು. ಆ ಭೂತಕಾಲಕ್ಕೆ ಭಾನುವಾರವೇ ಇಲ್ಲ. ಮದುವೆಯಾದೆ, ಹೆತ್ತೆ, ಮಣ್ಣು ಮಾಡಿದೆ ಎಂಬವು ಒಂದೊಂದು ಸಲ ಆಗಿ ಮುಗಿದ ಸಂಗತಿಗಳು, ಬೆರಳಲ್ಲಿ ಎಣಿಸಬಹುದು. ಉಳಿದ ಆಯಸ್ಸೆಲ್ಲ ಈ ಆಬಾ, ಈಯಾಗಳಲ್ಲೇ ಸವೆದಿತ್ತು.

ಸಾಕ್ಷಿಗಳೆಲ್ಲ ಅಲ್ಲೇ ಸಿಗುತ್ತಾರೆಂದು ಲಾಯರಮ್ಮ ಒಂದು ಸಂಜೆ ಶಾಲೆಗೇ ಬಂದಳು. ಅಲ್ಲಿಯವರೆಗೆ ಶಾಲೆಯ ಮೆಟ್ಟಿಲು ಹತ್ತದ ಫೆರ್ಮಿನಾಳೂ ಅವತ್ತು ಬಂದು, ಹಿಂದಿನ ಬೆಂಚಿನಲ್ಲಿ ಶಾಲು ಹೊದ್ದು ಕೂತಿದ್ದಳು. ಅವಳಿಂದ ಆಡಿನ ವಾಸನೆ ಬರುತ್ತಿತ್ತು. ಅದು ಅವಳಿಗೂ ಗೊತ್ತು, ಅದಕ್ಕೇ ಒಲೆಯಿಂದ ದೂರ ಕೂತಿದ್ದಳು.

ಲಾಯರಮ್ಮ ಬೋರ್ಡು ನೋಡಿ ಮೊದಲ ಸಲ ನಕ್ಕಳು.

"ಕೋರ್ಟಲ್ಲಿ ನೀವು ಹೇಳ್ಬೇಕಾದ್ದು ಇದೇ. ಒಂದು ದಿನ ಹೋದೆ ಅಂದ್ರೆ ಪ್ರಯೋಜನ ಇಲ್ಲ. ಹೋಗ್ತಿದ್ದೆ. ನಮ್ಮಮ್ಮ ಹೋಗ್ತಿದ್ಲು. ಅವರಮ್ಮನೂ ಹೋಗ್ತಿದ್ರು. ಹಂಗೆ."

"ಹಾಗಾದ್ರೆ ವಿಸಿತಾಸಿಯೋನ್ ಓದ್ಲಿ," ಅಂದಳು ಟೀಚರು. ಅದು ನನ್ನ ಹೆಸರು. "ಅವರು ಅಂಗಳದ ಬಗ್ಗೇನೇ ಬರೆದಿದಾರೆ."

ನಾನು ಎದ್ದು ನಿಂತು ಬೆರಳಿಟ್ಟುಕೊಂಡು ಓದಿದೆ. ನಾವು ಅಂಗಳದಲ್ಲಿ ಹಾದುಹೋಗುತ್ತಿದ್ದೆವು. ಬಟ್ಟೆ ಹೊರುತ್ತಿದ್ದೆವು. ಅಂಗಳದ ಹೊಸ್ತಿಲಲ್ಲಿ ನಿಂತು ನಮೋ ಮರಿಯಾ ಎಂದು ಕೂಗುತ್ತಿದ್ದೆವು.

"ಚೆನ್ನಾಗಿದೆ," ಅಂದಳು ಟೀಚರು.

"ಒಂದ್ನಿಮಿಷ," ಅಂದಳು ಲಾಯರಮ್ಮ. "ಅದೇನು ಕೂಗೋದು?"

ಪೇಟೆಯಲ್ಲಿ ಬೆಳೆದವಳು, ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಹೇಳಹೊರಟರು, ಕೊನೆಗೆ ಮಕಾರಿಯೊ ಮೇಜು ಬಡಿದು ಸುಮ್ಮನಾಗಿಸಿ ತಾನೇ ಹೇಳಿದ.

"ಇನ್ನೊಬ್ಬರ ಅಂಗಳಕ್ಕೆ ಕಾಲಿಡೋಕ್ಮುಂಚೆ ಹೊಸ್ತಿಲಲ್ಲಿ ನಿಂತು 'ನಮೋ ಮರಿಯಾ ಪಾವನೆ' ಅನ್ನೋದು ತಾಯಿ. ಒಳಗಿಂದ 'ಪಾಪವಿಲ್ಲದೆ ಮೂಡಿದವಳೇ' ಅಂತ ಉತ್ತರ ಬರೋದು. ಆಮೇಲೆ ಹೋಗೋದು. ನಾನಂತೂ ಅದನ್ನೆಲ್ಲ ಮಾಡ್ತಿರ್ಲಿಲ್ಲ ಬಿಡಿ, ನನ್ನ ಕತ್ತೆ ಅಷ್ಟು ಹೊತ್ತು ನಿಲ್ತಿರ್ಲಿಲ್ಲ. ಆದ್ರೆ ಹೆಂಗಸರು ಮಾಡೋರು."

"ಉತ್ತರ ಬರದೇ ಇದ್ರೆ?"

"ನಿಲ್ಲೋದು," ಅಂದಳು ಫೆರ್ಮಿನಾ ಹಿಂದಿನ ಬೆಂಚಿನಿಂದ.

"ಯಾಕೆ?"

"ಯಾಕೆ ಅಂದ್ರೆ? ಅವರು ಕೋಳಿ ಕೂಡ್ಹಾಕ್ಬೇಕು, ಒಣಗೋಕೆ ಹಾಕಿದ ಮೆಣಸಿನಕಾಯಿ ಎತ್ಬೇಕು, ಹೂವಿನ ಕುಂಡ ಸರಿಸ್ಬೇಕು. ಆಡು ನುಗ್ಗಿದ್ರೆ ಒಂದಾದ್ರೂ ಉಳಿಯುತ್ತಾ? ಜನರ ಮನೆ ಅದು, ಸಂತೆ ಮಾಳ ಅಲ್ಲ."

ಲಾಯರಮ್ಮ ಪೆನ್ನು ಕೆಳಗಿಟ್ಟಳು. "ದಯವಿಟ್ಟು ಕೋರ್ಟಲ್ಲಿ ಇದನ್ನ ಹೇಳ್ಬೇಡಿ."

"ಸುಳ್ಳು ಹೇಳು ಅಂತೀರಾ?"

"ಸುಳ್ಳಲ್ಲ ಅಮ್ಮ. ಕೇಳಿದ್ರೆ ಹೇಳಿ, ಕೇಳದಿದ್ರೆ ನೀವಾಗೇ ಎತ್ಬೇಡಿ. ಕೇಳ್ಕೊಂಡು ಹೋದವರಿಗೆ ಹಕ್ಕು ಬರಲ್ಲ. ಮನೆಯೋರು ಒಳ್ಳೇತನಕ್ಕೆ ಬಿಡ್ತಿದ್ರು ಅಂತಾಗ್ಬಿಡುತ್ತೆ. ಯಾರನ್ನೂ ಕೇಳ್ದೆ ಹೋಗ್ತಿದ್ರು ಅಂದ್ರೇನೇ ಹಕ್ಕು."

"ಅಂದ್ರೆ ಮರ್ಯಾದೆ ಇಲ್ಲದೋರ ಕಡೆಗೆ ಕಾನೂನು," ಅಂದ ಮಕಾರಿಯೊ.

"ಸ್ವಲ್ಪ ಹಾಗೇ ಅಜ್ಜ," ಅಂದಳು ಅವಳು. ಅವಳಿಗೂ ಸುಸ್ತಾಗಿತ್ತು.

ಫೆರ್ಮಿನಾ ಶಾಲಿನ ಅಂಚು ತಿರುಚುತ್ತಿದ್ದಳು. "ಹಾಗಾದ್ರೆ ನಮ್ಮಮ್ಮ ಹೇಳ್ದೆ ಕೇಳ್ದೆ ಜನರ ಅಂಗಳಕ್ಕೆ ನುಗ್ಗೋಳು ಅಂತ ಹೇಳ್ಬೇಕು ನಾನು."

"ನುಗ್ಗೋಳು ಅನ್ಬೇಡಿ. ಹಾದುಹೋಗ್ತಿದ್ಲು ಅನ್ನಿ. ಅಷ್ಟೇ ಸಾಕು."

ನಾನು ನನ್ನ ಮೂರನೇ ವಾಕ್ಯದ ಮೇಲೆ ಗೆರೆ ಎಳೆದೆ. ಆಮೇಲಿನ ಸಂಜೆಗಳಲ್ಲಿ ಪಾಠವೆಂದರೆ ಅದೇ ಆಯಿತು. ಟೀಚರು ಜಡ್ಜಾಗಿ ಕೂರುವಳು, ನಾವು ಒಬ್ಬೊಬ್ಬರಾಗಿ ನಿಂತು ಹಾದುಹೋಗುತ್ತಿದ್ದೆವು, ಇಳಿಯುತ್ತಿದ್ದೆವು, ಕುಡಿಸುತ್ತಿದ್ದೆವು, ಹತ್ತುತ್ತಿದ್ದೆವು ಎನ್ನುವುದು. ಫೆರ್ಮಿನಾ ದಿನದ ಕೆಲಸ ಮುಗಿಸಿ ಬರುವಳು. ಆ ತಿಂಗಳುಗಳಲ್ಲಿ ಅವಳು ಆಡುಗಳನ್ನು ರಸ್ತೆ ಸುತ್ತಿಸಿಯೇ ನೀರಿಗೆ ಒಯ್ಯುತ್ತಿದ್ದಳು. ಮಂಡಿ ಊದಿ ಬ್ರೆಡ್ಡಿನ ಉಂಡೆಯ ಹಾಗಾಗಿತ್ತು. ಒಮ್ಮೆ ಲಾರಿಗೆ ಒಂದು ಮರಿ ಸಿಕ್ಕಿ ಸತ್ತಿತು. ಅವತ್ತೂ ಅವಳು ಶಾಲೆ ತಪ್ಪಿಸಲಿಲ್ಲ. ನಿಂತು, ಕಣ್ಣು ಮುಚ್ಚಿ, ಚರ್ಚಿನಲ್ಲಿ ಧರ್ಮೋಪದೇಶ ಒಪ್ಪಿಸುವ ಹುಡುಗಿಯ ಹಾಗೆ ಒಪ್ಪಿಸುವಳು: "ಹಾದುಹೋಗ್ತಿದ್ದೆ. ನಮ್ಮಮ್ಮನೂ ಹಾದುಹೋಗ್ತಿದ್ಲು."

"ಇನ್ನೂ ಸ್ವಲ್ಪ ಜೋರಾಗಿ," ಅನ್ನುವಳು ಟೀಚರು.

"ಇದಕ್ಕಿಂತ ಜೋರಾಗಿ ನಮ್ಮಮ್ಮ ಯಾವತ್ತೂ ಹೋಗಿಲ್ಲ," ಅನ್ನುವಳು ಇವಳು.

ಜೂನ್‌ನಲ್ಲಿ ಪೇಟೆಯ ಕೋರ್ಟಿಗೆ ಕರೆ ಬಂತು. ಬೆಳಗಿನ ಬಸ್ಸಿಗೆ ಹೋದೆವು. ಮಕಾರಿಯೊ ಹೆಂಡತಿಯ ಶವಸಂಸ್ಕಾರಕ್ಕೆ ಹಾಕಿದ್ದ ಕೋಟು ಹಾಕಿಕೊಂಡಿದ್ದ. ಲ್ಯೋಪಿಸ್ ಪರ ಲಾಯರು ಅವನನ್ನೇ ಮೊದಲು ಕೇಳಿದ: ಹಾದುಹೋಗಲು ಯಾರ ಅಪ್ಪಣೆಯನ್ನಾದರೂ ಕೇಳುತ್ತಿದ್ದಿರಾ?

"ನಾನು ಮದುವೆಯಾಗೋಕೂ ಯಾರ ಅಪ್ಪಣೇನೂ ಕೇಳಿದೋನಲ್ಲ ಸ್ವಾಮಿ. ಕೇಳಿದ್ರೆ ಒಳ್ಳೇದಿತ್ತು."

ಜಡ್ಜು ಹೆಂಗಸು, ನೆಗಡಿಯಾಗಿತ್ತು, ಕರವಸ್ತ್ರದ ಹಿಂದೆ ನಕ್ಕಹಾಗಾಯಿತು. ಅವನ ಉತ್ತರ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಲಾಯರು ಆ ಪ್ರಶ್ನೆಯನ್ನು ಮತ್ತೆ ಯಾರಿಗೂ ಕೇಳಲಿಲ್ಲ. ನನ್ನನ್ನು ಎಷ್ಟು ವರ್ಷದಿಂದ, ಯಾವ ಯಾವ ಹೊತ್ತಿನಲ್ಲಿ ಎಂದಷ್ಟೇ ಕೇಳಿದರು. ನಾನು ಹೇಳಿದೆ. ಫೆರ್ಮಿನಾ ತನ್ನದನ್ನು ಒಪ್ಪಿಸಿದಳು, ಕಣ್ಣು ಮುಚ್ಚಿಕೊಂಡೇ. ಲಾಯರಮ್ಮ ಹೊರಗೆ ಬಂದು ನಮ್ಮೆಲ್ಲರ ಕೈ ಕುಲುಕಿದಳು. ಜಡ್ಜು ಊರಿಗೇ ಬಂದು ಜಾಗ ನೋಡುತ್ತಾರಂತೆ, ಅದೊಂದು ಮುಗಿದರೆ ಗೆದ್ದಂತೆ ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬ್ರೆಡ್ಡು, ಹಂದಿಮಾಂಸದ ಸಾಸೇಜು ಬಿಚ್ಚಿದೆ. ಫೆರ್ಮಿನಾ ಬೇಡವೆಂದಳು.

"ಗೆಲ್ತೀಯಂತೆ ಕಣೆ, ತಿನ್ನು."

"ತಿಂತೀನಿ ಬಿಡು," ಅಂದು ಕಿಟಕಿಗೆ ತಲೆ ಆನಿಸಿದಳು. ಊರು ಬರುವವರೆಗೂ ನಿದ್ದೆ ಮಾಡಿದವಳಂತೆ ಇದ್ದಳು. ಕಣ್ಣೆವೆ ಮಾತ್ರ ಅಲುಗುತ್ತಿತ್ತು.

ಜಡ್ಜು ಬಂದದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ. ಜೊತೆಗೆ ಎರಡೂ ಕಡೆಯ ಲಾಯರುಗಳು, ಕಾಗದಪತ್ರ ಹಿಡಿದ ಒಬ್ಬ ಗುಮಾಸ್ತ. ಬೋಳುತಲೆ, ಹತ್ತಿಯ ಟೋಪಿ, ನಮ್ಮಷ್ಟೇ ವಯಸ್ಸು ಅನ್ನಿಸುವ ಮನುಷ್ಯ. ಲ್ಯೋಪಿಸ್, ಅವನ ಹೆಂಡತಿ ಇಬ್ಬರೂ ವಲೆನ್ಸಿಯಾದಿಂದ ಬಂದು ಗೇಟು ಅಗಲಕ್ಕೆ ತೆರೆದಿಟ್ಟಿದ್ದರು. ಅಂಗಳದಲ್ಲಿ ಹೊಸ ಟೈಲ್ಸು ಮಿಂಚುತ್ತಿದ್ದವು. ಹೊಸ್ತಿಲಿನ ಹಳೆಯ ಕಲ್ಲನ್ನು ಮಾತ್ರ ತೆಗೆದಿರಲಿಲ್ಲ, ಚೆಂದ ಕಾಣುತ್ತದೆಂದು ಉಳಿಸಿಕೊಂಡಿದ್ದರು.

ಆಡುಗಳು ಹೇಗೆ ಹೋಗುತ್ತಿದ್ದವು ಎಂದು ನೋಡಬೇಕು, ಹೊಡೆದುಕೊಂಡು ಬನ್ನಿ ಎಂದರು ಜಡ್ಜು.

ಫೆರ್ಮಿನಾ ಮೇಲಿನಿಂದ ಬಂದಳು. ಮುಂದೆ ಗಂಟೆ ಕಟ್ಟಿದ ಮುದಿ ಆಡು, ಕಪಿತಾನಾ ಅಂತ ಅದರ ಹೆಸರು. ಹಿಂದೆ ಉಳಿದ ಮಂದೆ, ಎಲ್ಲದಕ್ಕೂ ಹಿಂದೆ ಕುಂಟುತ್ತಾ ಇವಳು. ಬೇಸಿಗೆಯ ಬಿಸಿಲು. ಬೆಳಗಿನಿಂದ ಬೇಕೆಂದೇ ನೀರು ಕುಡಿಸಿರಲಿಲ್ಲ, ಚುರುಕಾಗಿ ನಡೆಯಲಿ ಎಂದು. ಓಣಿಯ ತಿರುವಿನಲ್ಲಿ ಆಡುಗಳಿಗೆ ಒರತೆಯ ವಾಸನೆ ಸಿಕ್ಕಿರಬೇಕು, ದಾಪುಗಾಲು ಹಾಕಿದವು. ಲಾಯರಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಹೊಸ್ತಿಲ ಕಲ್ಲಿನ ಹತ್ತಿರ ಬಂದು ಕಪಿತಾನಾ ನಿಂತಿತು.

ಅದರ ಹಿಂದೆ ಉಳಿದವೂ ನಿಂತವು. ಗೇಟು ತೆರೆದೇ ಇತ್ತು, ಅಡ್ಡ ಯಾರೂ ಇರಲಿಲ್ಲ, ಆ ಕಡೆ ತೊಟ್ಟಿಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಾಯಿ ಒಣಗಿದ ಆ ಪ್ರಾಣಿಗಳು ಕಲ್ಲಿನಿಂದ ಆಚೆಗೆ ಗೊರಸಿಡಲಿಲ್ಲ. ಮರಿಗಳು ತಾಯಂದಿರ ಹೊಟ್ಟೆಗೆ ತಲೆ ಗುದ್ದುತ್ತಾ ಇದ್ದವು. ಕಪಿತಾನಾ ಮನೆಯ ಬಾಗಿಲ ಕಡೆ ಮುಖ ಮಾಡಿ, ಕಿವಿ ನಿಗುರಿಸಿಕೊಂಡು ನಿಂತಿತ್ತು.

"ಯಾಕೆ ನಿಂತವು?" ಅಂದರು ಜಡ್ಜು.

"ಹೊಸಬರು ಇದಾರಲ್ಲ, ಕಾರು ಬೇರೆ ನಿಂತಿದೆ," ಅಂದಳು ಲಾಯರಮ್ಮ ತಕ್ಷಣ. "ಹೆದರಿರ್ಬೇಕು. ಅಲ್ವಾ ಫೆರ್ಮಿನಾ ಅವರೇ?"

ಎಲ್ಲರೂ ಫೆರ್ಮಿನಾಳ ಕಡೆ ತಿರುಗಿದೆವು. ಒಂದು ಹೂಂ ಅಂದಿದ್ದರೆ ಸಾಕಿತ್ತು. ಅವಳು ಗೋಡೆಯ ಪಕ್ಕದ ಕಲ್ಲಿನ ಮೇಲೆ ಮೆಲ್ಲಗೆ ಕೂತಳು, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಇಲ್ಲ ತಾಯಿ," ಅಂದಳು. "ಕಾಯ್ತಾ ಇದಾವೆ."

"ಯಾರನ್ನ?" ಅಂದರು ಜಡ್ಜು.

"ಒಳಗಿನೋರ ಉತ್ತರಾನ. ನಾನು ಕೂಗ್ಬೇಕು, ಒಳಗಿಂದ ಯಾರಾದ್ರೂ ಹೂಂ ಅನ್ಬೇಕು. ಆಮೇಲೆ ಹೋಗೋದು. ಇವುಗಳ ತಾಯಂದಿರೂ ಹಂಗೇ ಕಾಯ್ತಿದ್ವು. ನಮ್ಮಮ್ಮ ಕಲಿಸಿದ್ದು."

ಲಾಯರಮ್ಮ ಕಣ್ಣು ಮುಚ್ಚಿದಳು. ಲ್ಯೋಪಿಸ್ ಪರ ಲಾಯರು ಏನೋ ಹೇಳಹೊರಟ. ಜಡ್ಜು ಕೈ ಎತ್ತಿ ತಡೆದರು. ಬಂದು ಫೆರ್ಮಿನಾಳ ಎದುರು ನಿಂತರು, ಆಡುಗಳ ನಡುವೆಯೇ.

"ದಿನಾ ಕೂಗ್ತಿದ್ರಾ ಅಮ್ಮ?"

"ದಿನಾ. ದೋನ್ಯಾ ಲೆಯೊಕಾದಿಯಾ ಒಳಗಿಂದ ಹೇಳೋರು. ಹೂವಿನ ಕುಂಡ ಎತ್ತಿಡೋರು. ಒಂದೊಂದ್ಸಲ ತಡ ಮಾಡೋರು, ವಯಸ್ಸಾಗಿತ್ತು. ನಿಲ್ತಿದ್ವಿ."

"ಅವರು ತೀರ್ಕೊಂಡ ಮೇಲೆ? ಮನೆ ಖಾಲಿ ಇತ್ತಲ್ಲ. ಆಗ ಯಾರು ಹೇಳ್ತಿದ್ರು?"

ಮಕಾರಿಯೊ ಟೋಪಿ ತೆಗೆದು ಅದರೊಳಗೆ ನೋಡತೊಡಗಿದ. ಉತ್ತರ ಅವನಿಗೆ ಗೊತ್ತಿತ್ತು, ಓಣಿಯಲ್ಲಿ ಹೋಗುವಾಗ ಎಂದೋ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ.

"ನಾನೇ," ಅಂದಳು ಫೆರ್ಮಿನಾ. "ನಾನೇ ಕೂಗ್ತಿದ್ದೆ, ಸ್ವಲ್ಪ ಹೊತ್ತು ಕಾದು ನಾನೇ ಉತ್ತರ ಹೇಳ್ತಿದ್ದೆ. ಇಲ್ದಿದ್ರೆ ಇವು ಕದಲ್ತಿರ್ಲಿಲ್ಲ."

"ನೋಡಿ," ಅಂದಳು ಲಾಯರಮ್ಮ, ಉಸಿರು ಬಂದವಳಂತೆ. "ಅಂದ್ರೆ ಅಷ್ಟು ವರ್ಷ ಯಾರೂ ಅಪ್ಪಣೆ ಕೊಟ್ಟಿಲ್ಲ. ಇವರು ತಾವಾಗೇ ಹೋಗ್ತಿದ್ರು."

"ಹೋಗ್ತಿದ್ರು," ಅಂದರು ಜಡ್ಜು. "ಆದ್ರೆ ಅಪ್ಪಣೆ ಬೇಕು ಅಂದ್ಕೊಂಡೇ ಹೋಗ್ತಿದ್ರು." ಮೂಗು ಒರೆಸಿಕೊಂಡರು. "ಪಾಪ, ಬಾಯಾರಿದಾವೆ. ಇಷ್ಟು ದೂರ ಬಂದಿದಾವೆ, ಕುಡೀಲಿ. ಕೂಗಿ ಅಮ್ಮ."

ಫೆರ್ಮಿನಾ ಕೂತಲ್ಲಿಂದಲೇ ಕೂಗಿದಳು. "ನಮೋ ಮರಿಯಾ ಪಾವನೆ." ಅವಳ ತಾಯಿಯ ದನಿಯೇ. ಅಷ್ಟು ತಿಂಗಳು ಬಾಯಿಪಾಠ ಒಪ್ಪಿಸಿದಾಗ ಇಲ್ಲದ ದನಿ ಎಲ್ಲಿತ್ತೋ.

ಯಾರೂ ಉತ್ತರ ಕೊಡಲಿಲ್ಲ. ಲ್ಯೋಪಿಸ್‌ನ ಹೆಂಡತಿ ಗಂಡನ ತೋಳು ತಿವಿದು, "ಏನನ್ಬೇಕು ನಾವು?" ಎಂದು ಪಿಸುಗುಟ್ಟಿದಳು. ಅವನು ಭುಜ ಕುಣಿಸಿದ. ನನ್ನ ನಾಲಿಗೆಯ ತುದಿಯಲ್ಲೇ ಇತ್ತು; ಹೇಳಿದರೆ ಅವಳ ಸೋಲಿಗೆ ನಾನೇ ಮೊಳೆ ಹೊಡೆದಂತಾಗುತ್ತದೆಂದು ಹಲ್ಲು ಕಚ್ಚಿ ನಿಂತೆ. ಆಡುಗಳು ನಿಂತಿದ್ದವು. ನೀರು ಬೀಳುತ್ತಿತ್ತು.

"ಪಾಪವಿಲ್ಲದೆ ಮೂಡಿದವಳೇ," ಅಂತು ಒಂದು ಗಂಡುದನಿ.

ಗುಮಾಸ್ತ. ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ, ತನಗೇ ತಿಳಿಯದ ಹಾಗೆ ಅಂದುಬಿಟ್ಟಿದ್ದ. ಕಪಿತಾನಾ ತಕ್ಷಣ ಕಲ್ಲು ದಾಟಿತು. ಹಿಂದೆಯೇ ಎಲ್ಲವೂ ಟೈಲ್ಸಿನ ಮೇಲೆ ಗೊರಸು ಜಾರಿಸಿಕೊಂಡು, ಹಿಕ್ಕೆ ಉದುರಿಸಿಕೊಂಡು ಇಳಿದು ಹೋದವು. ಜಡ್ಜು ಗುಮಾಸ್ತನ ಕಡೆ ತಿರುಗಿದರು. ಅವನು ಟೋಪಿ ತೆಗೆದ, ಬೋಳುತಲೆ ಕೆಂಪೇರಿತ್ತು.

"ಕ್ಷಮಿಸಿ ಮೇಡಂ. ನಮ್ಮಜ್ಜಿ ಊರಲ್ಲಿ..." ಅಂದು ನಿಲ್ಲಿಸಿದ.

"ಅದನ್ನೂ ಬರ್ಕೊಳ್ಳಿ," ಅಂದರು ಜಡ್ಜು.

ಎಲ್ಲರೂ ಹೋದ ಮೇಲೆ ನಾನು, ಫೆರ್ಮಿನಾ ತೊಟ್ಟಿಯ ಕಟ್ಟೆಯ ಮೇಲೆ ಕೂತೆವು. ಆಡುಗಳು ಕುಡಿದು ತಣ್ಣಗೆ ನೆರಳಿನಲ್ಲಿ ಮಲಗಿದ್ದವು. ನನಗೆ ಕೋಪ ಬರಬೇಕಿತ್ತು, ಅದಕ್ಕೂ ಶಕ್ತಿ ಇರಲಿಲ್ಲ.

"ಹೆದರಿದಾವೆ ಅಂದಿದ್ರೆ ಆಗ್ತಿತ್ತಲ್ಲ ಕಣೆ."

"ಆಗ್ತಿತ್ತು."

"ಮತ್ತೆ?"

ಅವಳು ಚಪ್ಪಲಿ ಬಿಚ್ಚಿ ಪಾದವನ್ನು ನೀರು ಹರಿಯುವ ಕಾಲುವೆಗೆ ಇಳಿಬಿಟ್ಟಳು.

"ಸಾಕಾಯ್ತು ಅತ್ತಿಗೆ. ವಸಂತದಿಂದ ನಮ್ಮಮ್ಮನ್ನ ಜನರ ಅಂಗಳಕ್ಕೆ ನುಗ್ಗೋಳು ಮಾಡ್ಕೊಂಡು ಹೊತ್ತು ತಿರುಗ್ತಿದ್ದೆ. ಆ ಆಡುಗಳು ನಿಂತ್ಕೊಂಡ್ವಲ್ಲ, ನನಗೂ ಕೂತ್ಕೋಬೇಕು ಅನ್ನಿಸ್ತು. ಇಳಿಸಿಬಿಟ್ಟೆ."

ಲ್ಯೋಪಿಸ್ ಮೇಲಿನಿಂದ ಇಳಿದು ಬಂದ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ.

"ಮೊದಲೇ ಹೀಗೆ ಅಂತ ಹೇಳಿದ್ರೆ ಕೋರ್ಟು ಯಾಕೆ ಬೇಕಿತ್ತು ಅಮ್ಮ? ಬಂದು ಕೂಗಿ. ನಾನೇನು ಬೇಡ ಅಂತಿದ್ನಾ?"

"ಕೂಗ್ತೀನಪ್ಪ," ಅಂದಳು ಫೆರ್ಮಿನಾ. "ಹೂಂ ಅನ್ನೋಕೆ ಯಾರಿದಾರೆ ಒಳಗೆ? ನೀವು ಬರೋದು ಹಬ್ಬಕ್ಕೆ, ಆಗಸ್ಟ್ ರಜೆಗೆ. ಆಡಿಗೆ ಜನವರೀಲ್ಲೂ ಬಾಯಾರಿಕೆ ಆಗುತ್ತೆ."

"ಬೀಗದ ಕೈ ಕೊಡ್ತೀನಿ."

"ಬೇರೆಯವರ ಮನೆ ಬಾಗಿಲನ್ನ ನಾನು ಬೀಗ ತೆಗೆದು ಹೋಗ್ಲಾ?" ಅಂದಳು. ಬೈದ ಹಾಗಲ್ಲ, ನಿಜವಾಗಿಯೂ ಅವನಿಗೆ ಇದು ಹೇಗೆ ತಿಳಿಯದೆಂದು ಆಶ್ಚರ್ಯಪಟ್ಟವಳ ಹಾಗೆ. ಅವನು ಟೈಲ್ಸು ತೊಳೆಯಲು ಮೇಲೆ ಹೋದ.

ತೀರ್ಪು ಅಕ್ಟೋಬರಿನಲ್ಲಿ ಅಂಚೆಯಲ್ಲಿ ಬಂತು. ಫೆರ್ಮಿನಾಳಿಗೆ ಓದಲು ಬರುವುದಿಲ್ಲ, ನನ್ನ ಹತ್ತಿರ ತಂದಳು. ನನ್ನ ಓದು ಕತ್ತೆಯ ನಡಿಗೆ. ಕಾನೂನಿನ ಮಾತುಗಳಲ್ಲಿ ಎಡವುತ್ತಾ, ಅರ್ಥವಾಗದ್ದನ್ನು ದಾಟುತ್ತಾ ಹೋದೆ. ಸೋತಿದ್ದೆವು, ಅದು ಮೊದಲ ಪುಟದಲ್ಲೇ ತಿಳಿಯಿತು. ಮೂರನೇ ಪುಟದಲ್ಲಿ ದಾರಿ ಸಲೀಸಾಯಿತು. ಅಲ್ಲಿ ಬರೀ ನನಗೆ ಗೊತ್ತಿರುವ ಕ್ರಿಯಾಪದಗಳೇ, ಎಲ್ಲವೂ ಹೇಳಿದ ಹಾಗೆ ಕೇಳುವಂಥವು, ಆಬಾ, ಈಯಾ. ವಾದಿಯೂ ವಾದಿಯ ತಾಯಿಯೂ ಪ್ರತಿದಿನ ಆ ಅಂಗಳದಲ್ಲಿ ಹಾದುಹೋಗುತ್ತಿದ್ದರು. ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಕೂಗುತ್ತಿದ್ದರು. ಉತ್ತರ ಬರುವವರೆಗೆ ಕಾಯುತ್ತಿದ್ದರು. ಉತ್ತರ ಬಂದ ಮೇಲೆ ದಾಟುತ್ತಿದ್ದರು.

"ಅಲ್ಲಿ ಇನ್ನೊಂದ್ಸಲ ಓದು," ಅಂದಳು ಫೆರ್ಮಿನಾ.

ಓದಿದೆ.

"ಅಮ್ಮನ ಹೆಸರಿದೆಯಾ?"

"ಇದೆ. ಗ್ರೆಗೋರಿಯಾ ಅಂತ, ಪೂರ್ತಿ ಹೆಸರು."

"ಎಲ್ಲಿ?"

ನಾನು ತೋರಿಸಿದೆ. ಅವಳು ಆ ಜಾಗದ ಮೇಲೆ ಬೆರಳಿಟ್ಟು, ಆಮೇಲೆ ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಮೇಲ್ಮನವಿ ಹಾಕಬಹುದು ಎಂದು ಲಾಯರಮ್ಮ ಪಂಚಾಯ್ತಿಯ ಫೋನಿಗೆ ಕರೆ ಮಾಡಿ ಹೇಳಿದಳು. ಬೇಡ, ನೀವೂ ಸ್ವಲ್ಪ ಮಲಗಿಕೊಳ್ಳಿ ಅಂದಳಂತೆ ಇವಳು.

ಮೊದಲ ಹಿಮ ಬೀಳುವ ಮುಂಚೆ ಬೆಟ್ಟದಾಚೆಯ ಚೀಸು ಮಾಡುವವನೊಬ್ಬ ಬಂದು ಮಂದೆಯನ್ನು ಕೊಂಡ. ಕಟುಕನಿಗೆ ಕೊಡಲಿಲ್ಲ, ಅದಕ್ಕಾಗಿ ಅವಳು ಕಡಿಮೆ ಬೆಲೆಗೆ ಒಪ್ಪಿದಳು. ಲಾರಿಗೆ ಹತ್ತಿಸುವಾಗ ಮಕಾರಿಯೊ ಸಹಾಯಕ್ಕೆ ಬಂದು, ಒಂದೂ ಕುಶಾಲು ಮಾತಾಡದೆ ಹೋದ. ಕಪಿತಾನಾವನ್ನು ಯಾರೂ ಕೊಳ್ಳಲಿಲ್ಲ, ಅದರ ಹಲ್ಲು ಹೋಗಿತ್ತು. ಅದಕ್ಕೆ ಜೊತೆಯಿರಲಿ ಎಂದು ಇನ್ನೊಂದನ್ನು ಉಳಿಸಿಕೊಂಡಳು.

ಎರಡು ಆಡಿಗೆ ದಿನಕ್ಕೆ ಒಂದು ಬಕೆಟ್ ನೀರು ಸಾಕು. ನಲ್ಲಿಯಿಂದ ಹಿಡಿದು, ನಾನೊಂದು ಕಡೆ ಅವಳೊಂದು ಕಡೆ ಹಿಡಿ ಹಿಡಿದುಕೊಂಡು ದೊಡ್ಡಿಗೆ ಒಯ್ಯುತ್ತೇವೆ. ಏರು ದಾರಿ, ಚರ್ಚಿನ ಮೆಟ್ಟಿಲ ಹತ್ತಿರ ಇಳಿಸಿ ಕೂರುತ್ತೇವೆ. ಅವಳಿಗೆ ಮಂಡಿ, ನನಗೆ ಸೊಂಟ.

"ಏಳೋಣವಾ?" ಅನ್ನುತ್ತಾಳೆ.

"ಇನ್ನೊಂಚೂರು ಇರು," ಅನ್ನುತ್ತೇನೆ.